ಮೂರು ಸಲ ಕೆಟ್ಟ ಟೆಹ್ರಾನ್ ಕಾದಂಬರಿ ನಾಲ್ಕನೇ ಸಲ ನಿಂತದ್ದು: ನನ್ನ ಅನುಭವ

"ಇರಾನ್ ಕಥೆ ಕನ್ನಡದಲ್ಲಿ ಯಾರು ಓದ್ತಾರೆ ಮಾರಾಯ? ಅದೂ ಗೂಢಚಾರನ ಲವ್ ಸ್ಟೋರಿ?" ನಮ್ಮ ಬರೆಯುವ ಬಳಗದಲ್ಲಿ ಈ ಮಾತು ಹೇಳದವರೇ ಇರಲಿಲ್ಲ. ಆರು ವರ್ಷ ಕೇಳಿದ್ದೇನೆ. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ "ಹೇಗೆ ಮಾಡಿದೆ?" ಅನ್ನುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಾದಂಬರಿ ಬರೆಯುವುದು ಹೇಗೆ ಅಂತ ಹೇಳಲು ಹೋಗುವುದಿಲ್ಲ, ಅದು ನಿಮಗೆ ಗೊತ್ತಿದೆ. ನಾನು ಎಲ್ಲೆಲ್ಲಿ ಬಿದ್ದೆ, ಎಷ್ಟು ದುಡ್ಡು ಕಳೆದೆ, ಅದನ್ನು ಹೇಳುತ್ತೇನೆ.

ಕಥೆ 1953ರ ಟೆಹ್ರಾನಿನದು. ಪ್ರಧಾನಿ ಮೊಸಾದೆಗ್ ಅವರನ್ನು ಇಳಿಸಲು ಅಮೆರಿಕ, ಬ್ರಿಟನ್ ಸೇರಿ ನಡೆಸಿದ ಸಂಚು. ಆ ಸಂಚಿನ ಬಗ್ಗೆ ಓದಲು ಸಿಗುವ ಸಾಮಾನು ಬೇಕಾದಷ್ಟಿದೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಒಳಗೇ ಬರೆದಿಟ್ಟ ವರದಿ 2000ರಲ್ಲಿ ಸೋರಿ ಪತ್ರಿಕೆಗೆ ಬಂತು. 2013ರಲ್ಲಿ ಬಿಡುಗಡೆಯಾದ ಕಡತದಲ್ಲಿ ಅವರೇ ಒಪ್ಪಿಕೊಂಡರು. ಎಲ್ಲ ಪುಕ್ಕಟೆ ಸಿಗುತ್ತದೆ. ಸಾಮಾನು ಜಾಸ್ತಿ ಆದದ್ದೇ ನನಗೆ ಮುಳುವಾಯಿತು.

ಮೊದಲನೇ ಕರಡು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಪರ್ಷಿಯಾ (ಇರಾನಿನ ಹಳೇ ಹೆಸರು) ಅಂದರೆ ಏನೇನು ಗೊತ್ತಿತ್ತೋ ಎಲ್ಲ ತುರುಕಿದ್ದೆ. ರತ್ನಗಂಬಳಿ, ಗುಲಾಬಿ, ದಾಳಿಂಬೆ, ಕವಿತೆ. ನಾಯಕ ನಾಯಕಿ ಮೊದಲು ಭೇಟಿಯಾಗುವುದು ಆಜಾದಿ ಗೋಪುರದ ಕೆಳಗೆ. ಆ ಗೋಪುರ ಕಟ್ಟಿದ್ದು 1971ರಲ್ಲಿ! ಬ್ಯಾಂಕಿನ ದೃಶ್ಯ ಶುಕ್ರವಾರ ಇಟ್ಟಿದ್ದೆ, ಅಲ್ಲಿ ವಾರದ ರಜೆಯೇ ಶುಕ್ರವಾರ. ಎಲ್ಲಕ್ಕಿಂತ ದೊಡ್ಡ ಎಡವಟ್ಟು ಯಲ್ದಾ ರಾತ್ರಿಯದು. ವರ್ಷದ ಅತಿ ಉದ್ದದ ಆ ರಾತ್ರಿ ಮನೆಮಂದಿಯೆಲ್ಲ ಕೂತು ದಾಳಿಂಬೆ, ಕಲ್ಲಂಗಡಿ ತಿನ್ನುತ್ತಾರೆ. ಅದು ಬರುವುದು ಡಿಸೆಂಬರಿನಲ್ಲಿ. ದಂಗೆ ನಡೆದದ್ದು ಆಗಸ್ಟಿನಲ್ಲಿ. ನಾನು ಎರಡನ್ನೂ ಒಂದೇ ವಾರಕ್ಕೆ ಹೊಲಿದಿದ್ದೆ. ಟೆಹ್ರಾನಿನಲ್ಲಿ ಕೆಲಸ ಮಾಡಿ ಬಂದ ಒಬ್ಬ ಇಂಜಿನಿಯರು ಓದಿ, "ಬೇಸಿಗೆಯಲ್ಲಿ ಯಾವ ದಾಳಿಂಬೆ ಸ್ವಾಮಿ?" ಅಂತ ಒಂದೇ ಸಾಲು ಬರೆದು ಕಳಿಸಿದರು.

ಎರಡನೇ ಕರಡಿನಲ್ಲಿ ತಪ್ಪು ತಿದ್ದಿದೆ, ಆತುರ ಮಾತ್ರ ಹೋಗಿರಲಿಲ್ಲ. ಒಬ್ಬ ಪ್ರಕಾಶಕರಿಗೆ ಸುಮಾರು 28 ಸಾವಿರ ಕೊಟ್ಟು 300 ಪ್ರತಿ ಮಾಡಿಸಿದೆ, ಬೇರೆ ಹೆಸರಿನಲ್ಲಿ. 40 ಚಿಲ್ಲರೆ ಹೋದವು, ಅದರಲ್ಲಿ ಅರ್ಧ ನೆಂಟರಿಗೆ. ಅಚ್ಚಿನ ಕಥೆ ಇನ್ನೂ ಚೆಂದ. ಪರ್ಷಿಯನ್ ಹೆಸರುಗಳಿಗೆ ನಾನು ಶ್ರದ್ಧೆಯಿಂದ ಜ಼, ಫ಼ ಅಂತ ನುಕ್ತಾ (ಅಕ್ಷರದ ಕೆಳಗಿನ ಚುಕ್ಕಿ) ಹಾಕಿದ್ದೆ. ಯೂನಿಕೋಡಿನಿಂದ ಡಿಟಿಪಿಯ ಹಳೇ ಫಾಂಟಿಗೆ ಹೋಗುವಾಗ ಅಷ್ಟೂ ಖಾಲಿ ಡಬ್ಬಿಗಳಾದವು. ನಾಯಕಿಯ ಹೆಸರೇ ಡಬ್ಬಿ. ಪ್ರೂಫ್ ನೋಡಿದ್ದೇವೆ ಅಂದವರು ಆಮೇಲೆ ಫೋನ್ ಎತ್ತಲಿಲ್ಲ. ಉಳಿದ ಪ್ರತಿಗಳು ರದ್ದಿ ಅಂಗಡಿಗೆ ಹೋದವು, ಕಿಲೋಗೆ 12 ರೂಪಾಯಿ ಇರಬೇಕು. ಮೂರನೆಯದನ್ನು ಒಂದು ಆಪ್‌ನಲ್ಲಿ ಧಾರಾವಾಹಿ ಮಾಡಿದೆ. ಪ್ರತಿ ಪುಟಕ್ಕೆ ಅಡಿಟಿಪ್ಪಣಿ, ಇದು ಹಬ್ಬ, ಇದು ತಿಂಡಿ, ಇದು ಟೋಪಿ. ಐದನೇ ಕಂತಿಗೆ ಓದುಗರು ಕಾಲು ಭಾಗ ಉಳಿದಿದ್ದರು. ಒಬ್ಬರು "ಸಾರ್, ಪರೀಕ್ಷೆ ಇದೆಯಾ?" ಅಂತ ಕೇಳಿದರು.

ಆ ಪ್ರಶ್ನೆಯಿಂದಲೇ ದಾರಿ ಸಿಕ್ಕಿತು. ಒಂದು ರಿವಾಜು ಕಥೆಯೊಳಗೆ ಬಂದರೆ ಅದು ಗೂಢಚಾರನನ್ನು ಸಿಕ್ಕಿಸಬೇಕು, ಇಲ್ಲವೇ ಉಳಿಸಬೇಕು. ಎರಡೂ ಮಾಡದಿದ್ದರೆ ಎಷ್ಟೇ ಚೆಂದ ಇರಲಿ, ತೆಗೆದು ಬಿಸಾಕು. ಹೀಗೆ ಸುಮಾರು 90 ಪುಟ ಹೋದವು. ರತ್ನಗಂಬಳಿ ಒಂದೂ ಉಳಿಯಲಿಲ್ಲ.

ಉಳಿದದ್ದರಲ್ಲಿ ತಾರೋಫ್, ಅಂದರೆ ಇರಾನಿನವರ ಉಪಚಾರದ ರಿವಾಜು, ಮೊದಲನೆಯದು. ಅಲ್ಲಿ ಅಂಗಡಿಯವನಿಗೆ ದುಡ್ಡು ಕೊಡಲು ಹೋದರೆ "ಘಾಬೆಲ್ ನದಾರೆ" ಅನ್ನುತ್ತಾನೆ. ಅಂದರೆ ನಿಮ್ಮ ಮುಂದೆ ಇದಕ್ಕೇನು ಬೆಲೆ, ಹಾಗೇ ತೊಗೊಳ್ಳಿ ಅಂತ. ನಿಜವಾಗಿ ಹಾಗೇ ತೊಗೊಂಡು ಹೋಗುವ ಹಾಗಿಲ್ಲ. ಎರಡು ಮೂರು ಸಲ ಒತ್ತಾಯ ಮಾಡಿ ಕೊಡಬೇಕು, ಅವನು ಸಂಕೋಚದಿಂದ ಇಸ್ಕೊಳ್ಳಬೇಕು. ನನ್ನ ಕಥೆಯಲ್ಲಿ ಒಬ್ಬ ವಿದೇಶಿ ಏಜೆಂಟ್ ಭಾಷೆ ಕಲಿತಿದ್ದಾನೆ, ಮೀಸೆ ಬಿಟ್ಟಿದ್ದಾನೆ, ಸಕ್ಕರೆ ಗಟ್ಟಿ ಹಲ್ಲಲ್ಲಿ ಕಚ್ಚಿಕೊಂಡು ಚಹಾ ಹೀರುವುದೂ ಬರುತ್ತದೆ. ಬಟ್ಟೆ ಅಂಗಡಿಯವನು "ಘಾಬೆಲ್ ನದಾರೆ" ಅಂದ ಕೂಡಲೇ ಥ್ಯಾಂಕ್ಸ್ ಹೇಳಿ ಗಂಟು ಎತ್ತಿಕೊಂಡು ಹೊರಟ. ಅಂಗಡಿ ಹುಡುಗನಿಗೆ ಅಷ್ಟು ಸಾಕಾಯಿತು. ಇದಕ್ಕೆ ಟಿಪ್ಪಣಿ ಬೇಕಾಗಲಿಲ್ಲ. "ಊಟ ಮಾಡ್ಕೊಂಡೇ ಹೋಗಿ" ಅಂದಾಗ ಮೊದಲನೇ ಮಾತಿಗೇ ಎಲೆ ಮುಂದೆ ಕೂತವನನ್ನು ನಾವು ಹೇಗೆ ನೋಡುತ್ತೇವೆ ಅಂತ ಕನ್ನಡದವರಿಗೆ ಹೇಳಿಕೊಡಬೇಕಾ?

ಎರಡನೆಯದು ನನ್ನ ಹೆಮ್ಮೆ. ಪರ್ಷಿಯನ್ನಿನಲ್ಲಿ ಅವನು, ಅವಳು ಅಂತ ಬೇರೆ ಬೇರೆ ಇಲ್ಲ. ಎರಡಕ್ಕೂ "ಊ" ಒಂದೇ. ಸಿಕ್ಕಿಬಿದ್ದ ಒಂದು ಕಾಗದದಲ್ಲಿ ಗೂಢಚಾರನನ್ನು "ಊ" ಅಂತ ಕರೆದಿದೆ. ಪೊಲೀಸರು ಇಡೀ ಟೆಹ್ರಾನಿನಲ್ಲಿ ಗಂಡಸನ್ನು ಹುಡುಕುತ್ತಾರೆ. ಆ ಏಜೆಂಟ್ ಟೆಲಿಗ್ರಾಫ್ ಆಫೀಸಿನ ಟೈಪಿಸ್ಟ್ ಹುಡುಗಿ. ಇದನ್ನು ಕನ್ನಡದಲ್ಲಿ ಬರೆಯಲು ಆಗುವುದಿಲ್ಲ, ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ ಅಂತ ಬಳಗದ ಹಿರಿಯರೊಬ್ಬರು ಖಡಾಖಂಡಿತ ಹೇಳಿದರು. ನಮ್ಮ "ಅವರು" ಇದೆಯಲ್ಲ! "ಅವರು ಬಂದರು, ಅವರು ಹೋದರು." ಗಂಡೋ ಹೆಣ್ಣೋ ಬ್ರಹ್ಮನಿಗೂ ಗೊತ್ತಾಗದು. ಮೊದಲು ಆ ಕಾಗದದಲ್ಲಿ ಮಾತ್ರ "ಅವರು" ಬಳಸಿದ್ದೆ. ಧಾರವಾಡದ ಓದುಗರೊಬ್ಬರು ಒಂಬತ್ತನೇ ಕಂತಿಗೇ ಹಿಡಿದುಬಿಟ್ಟರು, "ಇಷ್ಟು ಮರ್ಯಾದೆ ಯಾಕ್ರೀ ಕಳ್ಳಗ?" ಅಂತ. ತಿದ್ದುವಾಗ ಪೊಲೀಸ್ ಕಡತದ ಭಾಷೆಯನ್ನೇ ನಮ್ಮ ಸರ್ಕಾರಿ ಪತ್ರದ ಹಾಗೆ ಮಾಡಿದೆ. ಕಳ್ಳ, ಕಸಗುಡಿಸುವವನು, ಮಂತ್ರಿ, ಎಲ್ಲರೂ "ಸದರಿಯವರು". ಗುಟ್ಟು ಗುಂಪಿನಲ್ಲಿ ಮರೆಯಾಯಿತು.

ನಾಯಕ ಯಾರು ಅನ್ನುವುದಕ್ಕೆ ಬೆಂಗಳೂರಿನ ಅಲಿ ಆಸ್ಕರ್ ರಸ್ತೆ ದಾರಿ ತೋರಿಸಿತು. ಆಘಾ ಅಲಿ ಆಸ್ಕರ್ 19ನೇ ಶತಮಾನದಲ್ಲಿ ಶಿರಾಜ್‌ನಿಂದ ಕುದುರೆ ತಂದು ಮಾರುತ್ತಾ ಬೆಂಗಳೂರಿನಲ್ಲೇ ನೆಲೆ ನಿಂತವರು. ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಈ ಅಲಿ ಆಸ್ಕರ್ ಅವರ ಮೊಮ್ಮಗ. ಆ ಮನೆತನವನ್ನು ನಾನು ಮುಟ್ಟಲಿಲ್ಲ. ಅಂಥದೇ ಇನ್ನೊಂದು ಕುದುರೆ ವ್ಯಾಪಾರಿ ಮನೆಯ ಹುಡುಗನನ್ನು ಕಟ್ಟಿದೆ. ಮನೆಯಲ್ಲಿ ಪರ್ಷಿಯನ್, ಬೀದಿಯಲ್ಲಿ ಕನ್ನಡ. ಆಬಾದಾನ್ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಆಗ ಭಾರತೀಯ ಗುಮಾಸ್ತರು ಬೇಕಾದಷ್ಟು ಇದ್ದರು. ಅವನೂ ಒಬ್ಬ. 1951ರಲ್ಲಿ ತೈಲ ರಾಷ್ಟ್ರೀಕರಣವಾಗಿ ಬ್ರಿಟಿಷರು ಹೊರಟಾಗ ಕೆಲಸ ಹೋಯಿತು, ಟೆಹ್ರಾನಿಗೆ ಬಂದ. ಇಲ್ಲಿಂದ ಕಥೆ ತಾನೇ ನಡೆಯಿತು.

ಪರ್ಷಿಯನ್ ಕವಿ ಹಾಫಿಜ್ ವಿಷಯಕ್ಕೆ ಬರುತ್ತೇನೆ. ಯಲ್ದಾ ರಾತ್ರಿ ಹಾಫಿಜ್ ಪದ್ಯಗಳ ಪುಸ್ತಕವನ್ನು ಮನಸ್ಸಿನಲ್ಲಿ ಏನೋ ನೆನೆಸಿಕೊಂಡು ತೆರೆಯುತ್ತಾರೆ. ಬಂದ ಪದ್ಯವೇ ಶಕುನ. ನನ್ನ ಪ್ರೇಮಿಗಳ ಗುಪ್ತಲಿಪಿ ಅದೇ, ಗಜಲಿನ ಸಂಖ್ಯೆ, ಸಾಲು, ಪದ. ನಾನು ಸಂಖ್ಯೆ ತೆಗೆದದ್ದು ಇಂಟರ್ನೆಟ್ಟಿನಿಂದ. ಗೌರಿಬಿದನೂರು ಹತ್ತಿರದ ಅಲೀಪುರದಲ್ಲಿ ಇರಾನಿನ ಕೋಮ್ ನಗರದಲ್ಲಿ ಓದಿ ಬಂದ ಒಬ್ಬ ಹಿರಿಯರಿದ್ದಾರೆ. ಅವರಿಗೆ ತೋರಿಸಿದೆ. ತಮ್ಮ ಹತ್ತಿರ ಇದ್ದ ಹಳೇ ಪ್ರತಿ ತೆಗೆದು ನೋಡಿ ನಕ್ಕರು. ಒಂದೂ ತಾಳೆ ಆಗಲಿಲ್ಲ. 1941ರಲ್ಲಿ ಕಜ್ವೀನಿ ಮತ್ತು ಘನಿ ಸೇರಿ ತಂದ ಆವೃತ್ತಿಯಲ್ಲಿ 495 ಗಜಲ್. ಬೇರೆ ಆವೃತ್ತಿಗಳಲ್ಲಿ ಎಣಿಕೆ ಬೇರೆ, ಸಾಲುಗಳ ಕ್ರಮವೂ ಬೇರೆ. ಎರಡು ತಿಂಗಳ ಕೆಲಸ ನೀರಿಗೆ ಹೋಯಿತು ಅಂತ ಬಸ್ಸಿನಲ್ಲಿ ಕೂತು ಕಣ್ಣು ತುಂಬಿ ಬಂತು. ದೊಡ್ಡಬಳ್ಳಾಪುರ ದಾಟುವಾಗ ಹೊಳೆಯಿತು. ನಾಯಕನ ಬಳಿ ಅಜ್ಜ ಕೊಟ್ಟ ಹಳೇ ಕಲ್ಲಚ್ಚಿನ ಪ್ರತಿ, ನಾಯಕಿಯ ಬಳಿ 1941ರ ಹೊಸ ಪ್ರತಿ. "ಬರಬೇಡ" ಅಂತ ಅವಳು ಕಳಿಸಿದ್ದು ಅವನಿಗೆ "ಬಾ" ಅಂತ ಸಿಗುತ್ತದೆ! ಓದುಗರು ಅತಿ ಹೆಚ್ಚು ಮೆಚ್ಚಿದ ತಿರುವು ನನ್ನ ದಡ್ಡತನದಿಂದ ಬಂದದ್ದು. ಅಂದಹಾಗೆ, ಸುಮ್ನೆ ತೆರೆದ ಪುಟ ಶಕುನದಂತೆ ಕಾಣುತ್ತಾ ಅದೇ ಹೊತ್ತಿಗೆ ಬೇಕಾದ ಪುಟವೂ ಆಗುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಹೇಳಲ್ಲ. ಮುಂದಿನ ಪುಸ್ತಕಕ್ಕೂ ಬೇಕು.

ಕಾಲಕ್ರಮ ಸರಿ ಮಾಡಿದ್ದು ಹೀಗೆ. ಇರಾನಿನ ಪಂಚಾಂಗವನ್ನೇ ಗೋಡೆಗೆ ಅಂಟಿಸಿದೆ. ಡಿಸೆಂಬರ್ 1952ರ ಯಲ್ದಾ ರಾತ್ರಿ ಭೇಟಿ. ಮಾರ್ಚ್ 21ಕ್ಕೆ ಹೊಸವರ್ಷದ ಹಬ್ಬ ನೌರೋಜ್, ಅವರ 1332ನೇ ಇಸವಿ ಶುರು. ಹದಿಮೂರನೇ ದಿನ, ಅಂದರೆ ಏಪ್ರಿಲ್ 2ರಂದು, ಊರೆಲ್ಲ ತೋಪು, ನದಿ ದಂಡೆಗೆ ಹೋಗುವ ಸಿಜ್ದಾ ಬೆದರ್. ಮದುವೆಯಾಗದ ಹುಡುಗಿಯರು ಹಸಿರು ಹುಲ್ಲಿಗೆ ಗಂಟು ಹಾಕಿ ಹರಕೆ ಹೊರುತ್ತಾರೆ. ನನ್ನ ನಾಯಕಿ ಹಾಕಿದ ಗಂಟುಗಳನ್ನು ದೂರದಿಂದ ಒಬ್ಬ ಎಣಿಸುತ್ತಿದ್ದಾನೆ. ನಾಯಕ ಅದನ್ನು ತನಗೇ ಹರಕೆ ಅಂದುಕೊಂಡಿದ್ದಾನೆ, ಪಾಪ. ಕೊನೆಗೆ ಆಗಸ್ಟ್. 15ರ ರಾತ್ರಿ ಮೊಸಾದೆಗ್ ಅವರನ್ನು ವಜಾ ಮಾಡಿದ ಫರ್ಮಾನು ತಂದ ಕರ್ನಲ್ ನಸೀರಿಯೇ ಬಂಧನಕ್ಕೊಳಗಾದ. ಇರಾನಿನ ದೊರೆ ಷಾ ಬಾಗ್ದಾದಿಗೆ, ಅಲ್ಲಿಂದ ರೋಮಿಗೆ ಓಡಿದ. ಸಂಚು ಕೆಟ್ಟಿತು ಅಂದುಕೊಂಡರು. 19ಕ್ಕೆ ಎಲ್ಲ ತಿರುಗುಮುರುಗು, ಮೊಸಾದೆಗ್ ಬಿದ್ದರು. ಮೊದಲ ಮೂರು ಕರಡಿನಲ್ಲಿ ನಾನು ದಂಗೆಯನ್ನು ಒಂದೇ ದಿನದ್ದು ಮಾಡಿದ್ದೆ. ನಡುವಿನ ಆ ಮೂರು ದಿನವೇ ಪ್ರೇಮಕ್ಕೆ ಸಿಕ್ಕ ಜಾಗ. ಗೆದ್ದೆವು ಅಂದುಕೊಂಡವರು, ಸೋತೆವು ಅಂದುಕೊಂಡವರು, ಇಬ್ಬರೂ ಒಂದೇ ಕೋಣೆಯಲ್ಲಿ.

19ರ ಗುಂಪಿನಲ್ಲಿ ಜೂರ್‌ಖಾನೆಗಳ ಪೈಲ್ವಾನರೂ ಇದ್ದರು. ಜೂರ್‌ಖಾನೆ ಅಂದರೆ ಅವರ ಗರಡಿ. ನೆಲಕ್ಕಿಂತ ತಗ್ಗಿನ ಕಣ, ಮರದ ಗದೆ, ಮೇಲೆ ಕೂತು ಡೋಲು ಬಾರಿಸುತ್ತಾ ಪರ್ಷಿಯನ್ ಮಹಾಕಾವ್ಯ ಶಾನಾಮೆಯ ಪದ್ಯ ಹಾಡುವ ಮುರ್ಷಿದ್. ನಾನು ಮೈಸೂರಿನ ಒಂದು ಗರಡಿಯಲ್ಲಿ ನಾಲ್ಕು ಬೆಳಿಗ್ಗೆ ಕೂತು ಬಂದೆ. ಕೆಮ್ಮಣ್ಣು, ಬೆವರು, ಉಸ್ತಾದರ ಗದರಿಕೆ, ಎಲ್ಲ ಅಲ್ಲಿಂದ ಎತ್ತಿದ್ದು. ಜೂರ್‌ಖಾನೆಯ ಕಣದಲ್ಲಿ ಕೆಮ್ಮಣ್ಣು ಇಲ್ಲ ಅಂತ ಆಮೇಲೆ ಗೊತ್ತಾಗಿ ಅದನ್ನು ತೆಗೆದೆ. ಗದರಿಕೆ ಉಳಿಸಿಕೊಂಡೆ.

ಮಾಡಬೇಕಾಗಿಲ್ಲದ ಪ್ರಯೋಗಗಳನ್ನೂ ಮಾಡಿದೆ. ಟೆಹ್ರಾನಿನ ಬೀದಿ ಬದಿ "ಜೂಬ್" ಅನ್ನುವ ತೆರೆದ ನೀರಿನ ಕಾಲುವೆಗಳಿವೆ. ಚೀಟಿ ತೇಲಿಬಿಟ್ಟರೆ ಎಷ್ಟು ದೂರ ಹೋಗುತ್ತದೆ ಅಂತ ಮೇಣದ ಕಾಗದದಲ್ಲಿ ಸುತ್ತಿ ನಮ್ಮೂರ ಕಾಲುವೆಗೆ ಬಿಟ್ಟೆ. ಹತ್ತು ಚೀಟಿಯಲ್ಲಿ ಏಳು ಮೊದಲ ತಿರುವಿನಲ್ಲೇ ಕಸಕ್ಕೆ ಸಿಕ್ಕಿಕೊಂಡವು. ಒಂದನ್ನು ಎಮ್ಮೆ ತಿಂದಿತು. ಆ ದೃಶ್ಯ ಬಿಟ್ಟೆ. ತಳದ ಅನ್ನ ಹೊಂಬಣ್ಣಕ್ಕೆ ಗರಿಗರಿಯಾಗುವ ತಹ್‌ದೀಗ್ ಮಾಡಲು ಹೋಗಿ ಎರಡು ಪಾತ್ರೆ ಹಾಳಾಯಿತು. ನಾನೂರು ರೂಪಾಯಿ ಕೇಸರಿ ಬೇರೆ. "ಸೀಕಲನ್ನಕ್ಕೆ ಕೇಸರಿನಾ?" ಅಂತ ಅಮ್ಮ ಎರಡು ದಿನ ಮಾತಾಡಲಿಲ್ಲ.

ಪ್ರೇಮದ ಮಾತು ಕಷ್ಟ. ಪರ್ಷಿಯನ್ನಿನಲ್ಲಿ ಮುದ್ದಿಗೆ "ನಿನ್ನ ಜಿಗರ್ ತಿಂತೀನಿ" ಅನ್ನುತ್ತಾರೆ. ಜಿಗರ್ ಅಂದರೆ ಪಿತ್ತಜನಕಾಂಗ, ಲಿವರ್. ನೇರ ಬರೆದರೆ ರಾಕ್ಷಸನ ಕಥೆ. ನಮ್ಮ ಭಾಷೆಯಲ್ಲಿ ಆ ಕೆಲಸ ಮಾಡುವುದು ಕರುಳು. ಅಲ್ಲೆಲ್ಲ ಕರುಳು ಬಂತು. ಆದರೆ ಒಂದು ಮಾತು ಮಾತ್ರ ಹಾಗೇ ಸಿಕ್ಕಿತು. ಒಬ್ಬರಿಲ್ಲದಾಗ ಹಬ್ಬ ಮಾಡಿ, ಆಮೇಲೆ ಅವರು ಸಿಕ್ಕಾಗ "ಜಾ-ಯೆ ಶೊಮಾ ಖಾಲಿ" ಅನ್ನುತ್ತಾರೆ. ನಿಮ್ಮ ಜಾಗ ಖಾಲಿ ಇತ್ತು ಅಂತ. ಜಾಗ, ಖಾಲಿ ಎರಡೂ ಆ ಕಡೆಯಿಂದಲೇ ನಮಗೆ ಬಂದ ಪದ. ಅನುವಾದವೇ ಬೇಡ. ಪ್ರೇಮಿಗಳ ಸಂಕೇತವಾಕ್ಯ ಅದಾಯಿತು, ಪುಸ್ತಕದ ಹೆಸರೂ ಅದೇ, "ನಿಮ್ಮ ಜಾಗ ಖಾಲಿ".

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೂರು ಸೋಲಿಗೆ 45 ಸಾವಿರದ ಹತ್ತಿರ ಹೋಯಿತು. ನಾಲ್ಕನೆಯದು ಆಪ್‌ನಲ್ಲಿ 46 ಕಂತು, ಒಂದು ವರ್ಷದಲ್ಲಿ ಸುಮಾರು 30 ಸಾವಿರ ಬಂತು. ಈ ಸಲ ಪ್ರಕಾಶಕರ ಗೊಡವೆ ಬೇಡ ಅಂತ ನಾನೇ 500 ಪ್ರತಿ ಮಾಡಿಸಿದೆ, ಪ್ರತಿಗೆ 95 ಬಿದ್ದಿತು, ಬೆಲೆ 260. ಕೊರಿಯರ್, ರಿಯಾಯಿತಿ ಕಳೆದು 50 ಸಾವಿರದ ಆಸುಪಾಸು ಉಳಿಯಿತು. ಗ್ರಂಥಾಲಯ ಖರೀದಿ ನಂಬಿ ಕೂರಲಿಲ್ಲ, ಅದೊಂದು ಒಳ್ಳೇ ಕೆಲಸ ಮಾಡಿದೆ. ಯಾವ ವಾರದಲ್ಲಿ ಯಾರಿಗೆ ಮೊದಲ ಮೂವತ್ತು ಪ್ರತಿ ಕಳಿಸಿದೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ಅಲೀಪುರದ ಹಿರಿಯರು ಪುಸ್ತಕ ಓದಿದರು. ಪ್ರೇಮದ ಪುಟಗಳನ್ನು ಹಾರಿಸಿದೆ ಅಂತ ಹೇಳಿದರು. ಆದರೆ ಗಂಟಿನ ದೃಶ್ಯದಲ್ಲಿ ಎರಡು ತಪ್ಪು ಹಿಡಿದರು, ಅದು ಪ್ರೇಮದ ಪುಟದಲ್ಲೇ ಇದೆ!

ಈಗ ಬೀದರಿಗೆ ಹೋಗಿ ಬರುತ್ತಿದ್ದೇನೆ. ಇರಾನಿನ ಗಿಲಾನಿನಿಂದ ಬಂದು ಬಹಮನಿ ಮಂತ್ರಿಯಾದ ಮಹಮೂದ್ ಗವಾನನನ್ನು 1481ರಲ್ಲಿ ಕೊಲ್ಲಿಸಿದ್ದು ಅವನ ಮುದ್ರೆ ಒತ್ತಿಸಿಕೊಂಡ ಖಾಲಿ ಕಾಗದದ ಮೇಲೆ ಬರೆದ ಖೋಟಾ ಪತ್ರ. ಮೂರು ಅಧ್ಯಾಯ ಆಗಿದೆ. "ಬಹಮನಿ ಕಾಲದ ಸ್ಪೈ ಕಥೆ ಯಾರು ಓದ್ತಾರೆ?" ಅಂತ ಬಳಗದಲ್ಲಿ ಶುರುವಾಗಿದೆ. ಅತ್ತ "ನಿಮ್ಮ ಜಾಗ ಖಾಲಿ" ಎರಡನೇ ಮುದ್ರಣ 200 ಪ್ರತಿ ನಿನ್ನೆ ಬಂತು. ನುಕ್ತಾಗಳನ್ನು ಡಿಟಿಪಿಯವರ ಪಕ್ಕದಲ್ಲೇ ಕೂತು ಒಂದೊಂದಾಗಿ ನೋಡಿದ್ದೆ. 112ನೇ ಪುಟದಲ್ಲಿ ಒಂದು ಡಬ್ಬಿ ಇನ್ನೂ ಇದೆ.