ಬಣ್ಣ ಬಿಡುತ್ತೆ ಅಂತ ನಾವೇ ಹೇಳಿದೆವು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೇನು ಕಡಿಮೆಯಿಲ್ಲ. ನಮ್ಮದು ಆರು ಮಷಿನ್‌ನ ಸಣ್ಣ ಘಟಕ. ವರ್ಷಗಟ್ಟಲೆ ಬೇರೆಯವರ ಲೇಬಲ್‌ಗೆ ಹೊಲಿದು ಕೊಟ್ಟೆವು. ಸ್ವಂತ ಹೆಸರಲ್ಲಿ ಮಾರಲು ಹೊರಟಾಗ ಇನ್‌ಸ್ಟಾಗ್ರಾಂನಲ್ಲಿ ಎಲ್ಲರ ಹಾಗೇ ಮಾಡೆಲ್ ಫೋಟೋ ಹಾಕಿದೆ, ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ ರಿಯಾಯಿತಿ. ಮೂರು ತಿಂಗಳಿಗೆ ಬಂದ ಆರ್ಡರ್ 11.

ಒಂದು ಬೆಳಿಗ್ಗೆ ಕಟಿಂಗ್ ಮಾಸ್ಟರ್ ಜೇಬಿನ ಮೂಲೆಗೆ ರಿವಿಟ್ ಕೂರಿಸುತ್ತಿದ್ದರು. ಕಿಟಕಿಯ ಬೆಳಕು ನೇರ ಅವರ ಬೆರಳ ಮೇಲೆ ಬಿದ್ದಿತ್ತು. ಉಗುರ ಸಂದಿಯಲ್ಲೆಲ್ಲ ನೀಲಿ. ನಾನು ಫೋನ್ ಎತ್ತಿದೆ.

"ನನ್ನ ಕೈ ಯಾಕಮ್ಮಾ? ಪ್ಯಾಂಟಿಂದು ತೆಗೀರಿ" ಅಂದರು.

ಆ ಫೋಟೋದ ಕೆಳಗೆ ನಾಲ್ಕೇ ಸಾಲು ಬರೆದೆ. ಕೈ ಹಾಕಿ ಹಾಕಿ ಜೇಬಿನ ಮೂಲೆ ಹರಿಯಬಾರದು ಅಂತ ಈ ತಾಮ್ರದ ಗುಂಡಿ. ಜೇಕಬ್ ಡೇವಿಸ್ ಎಂಬ ದರ್ಜಿ, ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇವತ್ತು ಬಳ್ಳಾರಿಯಲ್ಲಿ ನಮ್ಮ ಮಾಸ್ಟರ್ ಕೂರಿಸುತ್ತಿದ್ದಾರೆ. ಅಷ್ಟೇ. ಅವತ್ತು ಬಂದಷ್ಟು ಮೆಸೇಜ್ ಹಿಂದೆ ಯಾವತ್ತೂ ಬಂದಿರಲಿಲ್ಲ.

ಆಮೇಲೆ ಪುಟದ ಅಂದವನ್ನೂ ಸರಿಮಾಡಿಕೊಂಡೆ. ಅದೇ ಕಿಟಕಿ, ಅದೇ ಕಟಿಂಗ್ ಟೇಬಲ್, ಒಂದೇ ಬಗೆಯ ಅಕ್ಷರ. ಒಂದು ಸಲಕ್ಕೆ ಒಂದೇ ವಿಷಯ. ಕೆಂಪು ಅಕ್ಷರ ಪೂರ್ತಿ ಬಿಟ್ಟೆ.

ಆದರೆ ಗಿರಾಕಿಗಳು ನಿಜವಾಗಿ ಹತ್ತಿರವಾಗಿದ್ದು ಒಂದು ದೂರಿನಿಂದ. ಹುಬ್ಬಳ್ಳಿಯಿಂದ ಒಬ್ಬರು ತಮ್ಮ ಕಾರಿನ ಫೋಟೋ ಕಳಿಸಿದರು. ಬಿಳಿ ಸೀಟು, ಮೇಲೆ ನೀಲಿ ಕಲೆ. ನಮ್ಮ ಗಾಢ ನೀಲಿ ಜೀನ್ಸ್ ಹಾಕಿಕೊಂಡು ಕೂತಿದ್ದರಂತೆ. ಹೊಟ್ಟೆಯಲ್ಲಿ ಸಂಕಟ ಆಯ್ತು. ಬಣ್ಣ ಬಿಡುತ್ತೆ ಅಂತ ನಮಗೆ ಗೊತ್ತಿತ್ತು, ಅವರಿಗೆ ಹೇಳಿರಲಿಲ್ಲ. ದುಡ್ಡು ವಾಪಸ್ ಕೊಟ್ಟೆ. ಅವರನ್ನು ಕೇಳಿಯೇ ಆ ಫೋಟೋ ಹಾಕಿ, ಎಲ್ಲವನ್ನೂ ಬಿಡಿಸಿ ಬರೆದೆ.

ಜೀನ್ಸ್ ಬಟ್ಟೆಯಲ್ಲಿ ಸಾಮಾನ್ಯವಾಗಿ ಹಾಸಿನ ನೂಲಿಗೆ, ಅಂದರೆ ಉದ್ದಕ್ಕೆ ಇರುವುದಕ್ಕೆ ಮಾತ್ರ ನೀಲಿ, ಅಡ್ಡಕ್ಕೆ ಹೆಣೆಯುವ ಹೊಕ್ಕಿನದು ಬಿಳಿ. ಅದಕ್ಕೇ ಒಳಮೈ ಬೆಳ್ಳಗಿರುತ್ತದೆ. ಇಂಡಿಗೊ ಅನ್ನುವ ಈ ನೀಲಿ ಬಣ್ಣ ನೂಲಿನ ಒಳಗಿನ ತನಕ ಇಳಿಯುವುದಿಲ್ಲ, ಮೇಲ್ಮೈಗೆ ಮೆತ್ತಿಕೊಂಡಿರುತ್ತದೆ. ಉಜ್ಜಿದಲ್ಲಿ ಉದುರುತ್ತದೆ. ಹೊಸದರಲ್ಲಿ ಜಾಸ್ತಿ. ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ. ಮೊದಲ ಕೆಲವು ದಿನ ಬಿಳಿ ಸೀಟು, ಬಿಳಿ ಬ್ಯಾಗಿನಿಂದ ದೂರ ಇರಿ.

ವ್ಯಾಪಾರ ಬಿದ್ದುಹೋಗುತ್ತದೆ ಅಂತ ಮನೆಯಲ್ಲಿ ಎಲ್ಲರೂ ಹೆದರಿಸಿದ್ದರು. ಆದರೆ ಆ ತಿಂಗಳು ಗಾಢ ನೀಲಿಯದೇ ಆರ್ಡರ್ ಜಾಸ್ತಿ! "ನೀವು ಮೊದಲೇ ಹೇಳಿದಿರಲ್ಲ, ಅದಕ್ಕೇ ತಗೊಂಡೆ" ಅಂತ ಎಷ್ಟೋ ಜನ ಬರೆದರು. ಈಗ ಅದೇ ಮಾತನ್ನು ಸಣ್ಣ ಕಾರ್ಡಿನಲ್ಲಿ ಅಚ್ಚು ಹಾಕಿಸಿ ಪ್ರತಿ ಜೇಬಿನಲ್ಲೂ ಇಡುತ್ತೇವೆ.

ಹೋದ ವಾರ ಗಂಗಾವತಿಯ ಗಿರಾಕಿಯೊಬ್ಬರು ಒಂದು ವರ್ಷ ಹಾಕಿದ ಜೀನ್ಸಿನ ಫೋಟೋ ಕಳಿಸಿದ್ದರು. ಫೋನ್ ಇಟ್ಟುಕೊಳ್ಳುವ ಜೇಬಿನ ಮೇಲೆ ಅಚ್ಚುಕಟ್ಟಾದ ಬಿಳಿ ಚೌಕ ಮೂಡಿತ್ತು. ಮಾಸ್ಟರ್‌ಗೆ ತೋರಿಸಿದೆ. ಅವರು ಚೌಕ ನೋಡಲೇ ಇಲ್ಲ. ಕನ್ನಡಕ ಹಾಕಿಕೊಂಡು, ಫೋಟೋ ದೊಡ್ಡದು ಮಾಡಿಸಿ, ಜೇಬಿನ ಮೂಲೆ ಹುಡುಕಿದರು.

"ಒಂದು ಎಳೆ ಬಿಟ್ಟಿಲ್ಲ ನೋಡ್ರಮ್ಮಾ" ಅಂದರು.