ಹಿತ್ತಲಲ್ಲಿ ಕಪ್ಪೆಗೊಂದು ಹೊಂಡ

ಮಲೆನಾಡಿನ ನಮ್ಮ ಕಡೆಯವರು ಮಳೆ ಹಿಡಿಯುವ ಮೊದಲೇ ಹೊಂಡ ತೋಡಿಬಿಡಿ. ಆರಡಿ ಉದ್ದ, ನಾಲ್ಕಡಿ ಅಗಲ, ನಡುವೆ ಒಂದೂವರೆ ಅಡಿ ಆಳ ಸಾಕು. ಒಂದು ಬದಿ ಇಳಿಜಾರು ಇರಲೇಬೇಕು. ಗೋಡೆಯಂತೆ ನೇರ ಕಡಿದರೆ ಮರಿಗಳು ಹತ್ತಲಾಗದೆ ಸಾಯುತ್ತವೆ. ತಳಕ್ಕೆ ದಪ್ಪ ಟಾರ್ಪಾಲ್, ಮೇಲೆ ಮಣ್ಣು, ಒಂದಿಷ್ಟು ತರಗೆಲೆ. ನೀರು ಮಳೆಯದ್ದೇ ಚೆಂದ.

ಸೊಳ್ಳೆ ಆಗುತ್ತದೆ ಅಂತ ಗಪ್ಪಿ, ಗಂಬೂಸಿಯಾ ಮೀನು ಬಿಡಬೇಡಿ. ಅವು ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಳನ್ನೂ ಬಿಡುವುದಿಲ್ಲ. ಏರೋಪ್ಲೇನ್ ಚಿಟ್ಟೆ ಮೊಟ್ಟೆಯಿಟ್ಟರೆ ಅದರ ಮರಿಗಳೇ ಸೊಳ್ಳೆಮರಿ ತಿನ್ನುತ್ತವೆ.

ಅಂಚಿಗೆ ಕೆಸು ನೆಡಿ. ನೀರಿನ ಮೇಲೆ ಬಾಗುವ ಒಂದು ಕೊಂಬೆ ಇರಲಿ, ಮರಗಪ್ಪೆ ನೊರೆಗೂಡು ಕಟ್ಟುವುದು ಅಲ್ಲೇ ಅಲ್ವಾ! ಕಳೆದ ಜೂನ್‌ನಲ್ಲಿ ನಮ್ಮ ದಾಸವಾಳದ ಎಲೆಗೆ ಅಂಟಿತ್ತು, ಆಗಷ್ಟೇ ಕರೆದ ಹಾಲಿನ ನೊರೆಯಂತೆ. ಕೆಲವು ದಿನಕ್ಕೆ ಅಡಿಭಾಗ ಕರಗಿ, ಗೊದಮೊಟ್ಟೆಗಳು ಒಂದೊಂದಾಗಿ ತಟಕ್ ತಟಕ್ ಎಂದು ನೀರಿಗೆ ಬಿದ್ದವು. ಗೂಡು ಕಂಡರೆ ಮುಟ್ಟಬೇಡಿ.

ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಹೊಂಡಕ್ಕೆ ಬೀಳದಂತೆ ನೋಡಿಕೊಳ್ಳಿ. ಅದರ ತಾಮ್ರ ಗೊದಮೊಟ್ಟೆಗೆ ವಿಷ. ಬೇರೆ ಕಡೆಯಿಂದ ಕಪ್ಪೆ ಹಿಡಿದು ತರುವುದೂ ಬೇಡ, ರೋಗ ಬರಬಹುದು. ಸುಮ್ನೆ ಕಾಯಿರಿ, ಅವೇ ಬರುತ್ತವೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಸುತ್ತ ಬೇಲಿ ಕಟ್ಟಿ.