ಹಿರಿಯರ ಕೊಲೆಸ್ಟರಾಲ್ ವರದಿಯನ್ನು ಮರೆವಿನ ಕಾಯಿಲೆಯ ದೃಷ್ಟಿಯಿಂದ ಓದುವ ಬಗೆ

ಎಪ್ಪತ್ತು ದಾಟಿದವರ ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟರಾಲ್) ಹೆಚ್ಚಿದೆಯೆಂದು ಕಂಡೊಡನೆ ಅದನ್ನು ಅವರ ಮರೆವಿಗೆ ಗಂಟುಹಾಕಬೇಡಿ. ಮೊದಲು ಹಳೆಯ ವರದಿಗಳನ್ನು ಹುಡುಕಿ ತೆಗೆದು, ವರ್ಷದ ಕ್ರಮದಲ್ಲಿ ಜೋಡಿಸಿಕೊಳ್ಳಿ. ಐವತ್ತರ ಆಸುಪಾಸಿನದೊಂದು ಸಿಕ್ಕರೆ ಅದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯೊಂದಿಗೆ ಸ್ಪಷ್ಟ ನಂಟು ಕಂಡುಬಂದಿರುವುದು ನಡುವಯಸ್ಸಿನ ಎಲ್‌ಡಿಎಲ್‌ಗೆ. ಇಳಿವಯಸ್ಸಿನಲ್ಲಿ ಆ ನಂಟು ಮಸುಕಾಗುತ್ತದೆ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗವು 2024ರಲ್ಲಿ, ಡಿಮೆನ್ಷಿಯಾದ ಬದಲಾಯಿಸಬಹುದಾದ ಅಪಾಯಕಾರಿ ಅಂಶಗಳ ಪಟ್ಟಿಯನ್ನು 12ರಿಂದ 14ಕ್ಕೆ ಹಿಗ್ಗಿಸಿದಾಗ ಸೇರಿಸಿದ್ದೂ ನಡುವಯಸ್ಸಿನ ಅಧಿಕ ಎಲ್‌ಡಿಎಲ್ ಅನ್ನೇ (ಜೊತೆಗೆ ಸೇರಿದ್ದು ಚಿಕಿತ್ಸೆ ಕಾಣದ ದೃಷ್ಟಿದೋಷ).

ಬಳಿಕ ಅಂಕಿಗಳು ಇಳಿಯುತ್ತ ಬಂದಿವೆಯೇ ಎಂದು ನೋಡಿ. ಮಾತ್ರೆಯಾಗಲಿ ಪಥ್ಯವಾಗಲಿ ಇಲ್ಲದೆ ಕೊಲೆಸ್ಟರಾಲ್ ಕುಸಿದಿದ್ದರೆ ಸಂತೋಷಪಡಲು ಆತುರಪಡಬಾರದು. ಹವಾಯಿಯಲ್ಲಿ ಜಪಾನೀ ಮೂಲದ ಪುರುಷರನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನವೊಂದರಲ್ಲಿ, ಮುಂದೆ ಡಿಮೆನ್ಷಿಯಾಕ್ಕೆ ತುತ್ತಾದವರ ಕೊಲೆಸ್ಟರಾಲ್, ರೋಗ ಪತ್ತೆಯಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಇಳಿಯತೊಡಗಿತ್ತು. ಹಾಗೆಂದು ಇಳಿಕೆಯೆಲ್ಲ ಮೆದುಳಿನ ರೋಗದ ಸೂಚನೆಯಲ್ಲ. ಹಸಿವು ಕುಗ್ಗಿದೆಯೇ, ತೂಕ ಇಳಿದಿದೆಯೇ ಎಂಬುದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಿ.

ಕೊಲೆಸ್ಟರಾಲ್ ಏರಿಕೆಯೂ ಮರೆವೂ ಒಟ್ಟಿಗೆ ಕಂಡರೆ ಥೈರಾಯ್ಡ್ ಪರೀಕ್ಷೆಯನ್ನು ಕೇಳಿ ಮಾಡಿಸಿ. ಥೈರಾಯ್ಡ್ ಗ್ರಂಥಿ ಮಂದವಾದರೆ ಎಲ್‌ಡಿಎಲ್ ಏರುತ್ತದೆ, ಯೋಚನೆಯೂ ನಿಧಾನವಾಗುತ್ತದೆ, ಮತ್ತು ಅದಕ್ಕೆ ಚಿಕಿತ್ಸೆಯಿದೆ. ಬಿ12 ಕೊರತೆಯನ್ನೂ ಅದೇ ಸಲ ನೋಡಿಸುವುದು ಲೇಸು.

ಇನ್ನು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ. ಅದರಿಂದ ಮರೆವು ಬರುತ್ತದೆಂಬ ಮಾತು ಕೇಳಿ ಹೃದಯಾಘಾತವಾದವರು ಕೂಡ ತಾವಾಗಿ ಮಾತ್ರೆ ನಿಲ್ಲಿಸುವುದುಂಟು. ನನ್ನ ದೃಷ್ಟಿಯಲ್ಲಿ ಮರೆವಿನ ಭಯಕ್ಕಿಂತ ಇದೇ ಹೆಚ್ಚು ಅಪಾಯದ್ದು. 70ರಿಂದ 82 ವರ್ಷದವರಿಗೆ ಪ್ರವಾಸ್ಟಾಟಿನ್ ಎಂಬ ಸ್ಟ್ಯಾಟಿನ್ ಕೊಟ್ಟು ನಡೆಸಿದ, 2002ರಲ್ಲಿ ಪ್ರಕಟವಾದ ಪ್ರಾಸ್ಪರ್ ಪ್ರಯೋಗದಲ್ಲಿ ನೆನಪಿನ ಶಕ್ತಿಗೆ ಹಾನಿಯೂ ಕಾಣಲಿಲ್ಲ, ಲಾಭವೂ ಕಾಣಲಿಲ್ಲ. ಆದ್ದರಿಂದ ಬುದ್ಧಿ ಚುರುಕಾಗಿರಲೆಂದು ಮಾತ್ರೆ ಶುರುಮಾಡುವುದಕ್ಕೂ ಆಧಾರವಿಲ್ಲ. ಆದರೂ ಮಾತ್ರೆ ಆರಂಭಿಸಿದ ಮೇಲೆ ಗೊಂದಲ ಹೆಚ್ಚಿದಂತೆ ಕಂಡರೆ, ಯಾವಾಗಿನಿಂದ ಎಂಬುದನ್ನು ವೈದ್ಯರಿಗೆ ಹೇಳಿ. ಪ್ರಮಾಣವನ್ನೋ ಔಷಧವನ್ನೋ ಬದಲಿಸುವ ದಾರಿ ಅವರಲ್ಲಿದೆ.

ವರದಿಯನ್ನು ಓದುತ್ತಿರುವ ಮಗ ಅಥವಾ ಮಗಳ ವಯಸ್ಸು ನಲವತ್ತು ದಾಟಿದ್ದರೆ, ತಮ್ಮ ಎಲ್‌ಡಿಎಲ್ ಅನ್ನೂ ಈಗಲೇ ಪರೀಕ್ಷಿಸಿಕೊಳ್ಳಲಿ. ಮೊದಲ ಪರೀಕ್ಷೆಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು) ಡೆಸಿಲೀಟರ್‌ಗೆ 400 ಮಿಲಿಗ್ರಾಂ ಮೀರಿದ್ದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ಮಾಡಿಸಬೇಕಾಗುತ್ತದೆ.